ಮಧ್ಯದ ನಿಲ್ದಾಣದಲ್ಲಿ ವಿಮಾನ ಬದಲಿಸುವವರಿಗೆ

ಪ್ರಶ್ನೆ: ನಾನು ಮೊದಲ ಬಾರಿ ವಿದೇಶಕ್ಕೆ ಹೊರಟಿದ್ದೇನೆ. ದಾರಿಯಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕು. ನಡುವೆ ಎರಡು ಗಂಟೆ ಹತ್ತು ನಿಮಿಷ ಸಮಯವಿದೆ. ಅಷ್ಟು ಸಾಕೇ? ಲಗೇಜನ್ನು ಅಲ್ಲಿ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕೇ, ಇಲ್ಲವೇ ಅದು ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತದೆಯೇ?

ಉತ್ತರ: ಎರಡು ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ವಿಮಾನ ಬದಲಿಸಲು ಕನಿಷ್ಠ ಎಷ್ಟು ಸಮಯ ಬೇಕು ಎಂಬುದನ್ನು ಪ್ರತಿ ನಿಲ್ದಾಣಕ್ಕೂ ನಿಗದಿ ಮಾಡಿರುತ್ತಾರೆ. ಒಂದೇ ಟಿಕೆಟ್ಟಿನಲ್ಲಿ ಮಾರುವ ಪ್ರಯಾಣಕ್ಕೆ ಆ ಅವಧಿಯನ್ನು ಲೆಕ್ಕ ಹಾಕಿಯೇ ಸಮಯ ಜೋಡಿಸುತ್ತಾರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ನಿಮಗೆ ಜಾಗ ಹುಡುಕಿಕೊಡುವ ಹೊಣೆ ವಿಮಾನ ಸಂಸ್ಥೆಯದು. ಅಗ್ಗವಾಗುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮಾತೇ ಬೇರೆ. ಆಗ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಹೊತ್ತಿಗೆ ಸರಿಯಾಗಿ ಬಾರದ ಪ್ರಯಾಣಿಕರಷ್ಟೆ, ಹೊಸ ಟಿಕೆಟ್ಟಿನ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ. ಬೇರೆ ಟಿಕೆಟ್ಟುಗಳಾದರೆ ಎರಡು ಗಂಟೆ ಖಂಡಿತ ಸಾಲದು. ನಾಲ್ಕೈದು ಗಂಟೆಯಾದರೂ ಬಿಟ್ಟುಕೊಳ್ಳಿ ಎಂದೇ ನನ್ನ ಸಲಹೆ.

ಲಗೇಜಿನ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಚೆಕ್-ಇನ್ ಕೌಂಟರಿನಲ್ಲಿ ಪೆಟ್ಟಿಗೆಯ ಹಿಡಿಕೆಗೆ ಉದ್ದನೆಯ ಟ್ಯಾಗ್ ಸುತ್ತಿ, ಅದರದೇ ಸಂಖ್ಯೆಯಿರುವ ಸಣ್ಣ ಚೀಟಿಯೊಂದನ್ನು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿ ಕೊಡುತ್ತಾರೆ. ಟ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಮೂರಕ್ಷರದ ಸಂಕೇತವೇ ಆ ಪೆಟ್ಟಿಗೆ ತಲುಪಬೇಕಾದ ಕೊನೆಯ ನಿಲ್ದಾಣ. ಲಂಡನ್ನಿನ ಹೀಥ್ರೂ ಆದರೆ ಎಲ್‌ಎಚ್‌ಆರ್, ಫ್ರಾಂಕ್‌ಫರ್ಟ್ ಆದರೆ ಎಫ್‌ಆರ್‌ಎ. ಅಲ್ಲಿ ನೀವು ಹೋಗಬೇಕಾದ ಕೊನೆಯ ಊರಿನ ಸಂಕೇತವಿದ್ದರೆ ಪೆಟ್ಟಿಗೆ ಮುಂದಿನ ವಿಮಾನಕ್ಕೆ ತಾನಾಗಿಯೇ ಹೋಗುತ್ತದೆ. ಮಧ್ಯದ ಊರಿನ ಸಂಕೇತವಿದ್ದರೆ ಅಲ್ಲಿ ನೀವೇ ಇಳಿಸಿಕೊಳ್ಳಬೇಕು. ಒಮ್ಮೆ ನಾನು ಈ ಚೀಟಿಯನ್ನು ನೋಡದೆ ಜೇಬಿಗೆ ಹಾಕಿಕೊಂಡಿದ್ದೆ. ಕೌಂಟರಿನವರು ಮಧ್ಯದ ನಿಲ್ದಾಣದವರೆಗೆ ಮಾತ್ರ ಟ್ಯಾಗ್ ಹಾಕಿದ್ದರು. ಕೊನೆಯ ಊರಿನಲ್ಲಿ ಬೆಲ್ಟ್ ನಿಂತು, ಜನರೆಲ್ಲ ಹೊರಟುಹೋದ ಮೇಲೆ ನನಗೆ ಸಂಗತಿ ತಿಳಿಯಿತು. ಪೆಟ್ಟಿಗೆ ಸಿಕ್ಕಿದ್ದು ಮೂರನೆಯ ದಿನ. ಆದ್ದರಿಂದ ಕೌಂಟರಿನಿಂದ ಕದಲುವ ಮೊದಲೇ ‘ಇದು ಎಲ್ಲಿಯವರೆಗೆ ಹೋಗುತ್ತದೆ?’ ಎಂದು ಬಾಯಿಬಿಟ್ಟು ಕೇಳಿ, ಚೀಟಿಯನ್ನು ಓದಿಕೊಳ್ಳಿ.

ಇದಕ್ಕೊಂದು ದೊಡ್ಡ ಅಪವಾದ ಅಮೆರಿಕ. ಆ ದೇಶದಲ್ಲಿ ನೀವು ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಟ್ಯಾಗ್ ಕೊನೆಯ ಊರಿನದೇ ಆಗಿದ್ದರೂ ಸಾಮಾನ್ಯವಾಗಿ ಪೆಟ್ಟಿಗೆಯನ್ನು ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಿ ಮುಂದಿನ ವಿಮಾನಕ್ಕೆ ಹೋಗಬೇಕಾಗುತ್ತದೆ. ಡಬ್ಲಿನ್ ಮತ್ತು ಅಬುಧಾಬಿಯಂತಹ ಕೆಲವು ಕಡೆ ಅಮೆರಿಕದ ಅಧಿಕಾರಿಗಳು ವಿಮಾನ ಹತ್ತುವ ಮೊದಲೇ ಈ ತಪಾಸಣೆ ಮುಗಿಸುತ್ತಾರೆ. ತಮ್ಮತಮ್ಮೊಳಗೆ ಗಡಿ ತಪಾಸಣೆಯನ್ನು ಕೈಬಿಟ್ಟಿರುವ ಯುರೋಪಿನ ಷೆಂಗೆನ್ ದೇಶಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ನಡೆಯುವುದು ಮೊದಲು ಕಾಲಿಟ್ಟ ನಿಲ್ದಾಣದಲ್ಲಿ. ಫ್ರಾಂಕ್‌ಫರ್ಟ್ ಮೂಲಕ ರೋಮಿಗೆ ಹೋಗುವವರು ಫ್ರಾಂಕ್‌ಫರ್ಟಿನಲ್ಲೇ ಆ ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ಎರಡು ಗಂಟೆ ಕರಗುವುದು ಹೆಚ್ಚಾಗಿ ಇಂತಹ ಸಾಲುಗಳಲ್ಲಿ. ನಿಲ್ದಾಣದಿಂದ ಹೊರಗೆ ಹೋಗದೆ ವಿಮಾನ ಬದಲಿಸುವವರಿಂದಲೂ ಕೆಲವು ದೇಶಗಳು ಟ್ರಾನ್ಸಿಟ್ ವೀಸಾ ಕೇಳುತ್ತವೆ ಎಂಬುದನ್ನೂ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಬದಲಿಸುವ ನಿಲ್ದಾಣದಲ್ಲಿ ಭದ್ರತಾ ತಪಾಸಣೆ ಇನ್ನೊಮ್ಮೆ ನಡೆಯುವುದು ಸಾಮಾನ್ಯ. ದ್ರವ ಪದಾರ್ಥವನ್ನು 100 ಮಿಲಿಲೀಟರಿಗೆ ಮೀರದ ಸೀಸೆಗಳಲ್ಲಿ ಒಯ್ಯಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ. ಹೊಸ ಯಂತ್ರಗಳಿರುವ ಕೆಲವು ನಿಲ್ದಾಣಗಳು ಅದನ್ನು ಸಡಿಲಿಸಿವೆಯಾದರೂ, ಹೊರಟ ಕಡೆ ಒಯ್ಯಲು ಬಿಟ್ಟ ಸೀಸೆಯನ್ನು ಮಧ್ಯದ ನಿಲ್ದಾಣದವರು ಕಿತ್ತಿಟ್ಟುಕೊಳ್ಳಬಹುದು. ಸುಂಕರಹಿತ ಅಂಗಡಿಯಲ್ಲಿ ಕೊಂಡ ಸೀಸೆಯನ್ನು ಮೊಹರು ಮಾಡಿದ ಚೀಲದಿಂದ ತೆಗೆಯದೆ, ರಸೀದಿಯ ಸಮೇತ ಹಾಗೆಯೇ ಇಟ್ಟುಕೊಳ್ಳಿ. ಪವರ್ ಬ್ಯಾಂಕನ್ನು ಮಾತ್ರ ಎಂದಿಗೂ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ಕೈಚೀಲದಲ್ಲೇ ಇರಬೇಕು, ವಿಮಾನ ಸಂಸ್ಥೆಯ ವಿಶೇಷ ಅನುಮತಿಯಿಲ್ಲದೆ ಒಯ್ಯಲು ಅದರ ವಿದ್ಯುತ್ ಸಾಮರ್ಥ್ಯ 100 ವಾಟ್-ಅವರ್ ಒಳಗಿರಬೇಕು. 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ವಾಟ್-ಅವರ್ ಆಗುವುದರಿಂದ ಅದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ವಿಮಾನ ನಿಲ್ದಾಣಕ್ಕೆ ಎಷ್ಟು ಮೊದಲು ಹೊರಡಬೇಕು? ರೈಲು ಒಳ್ಳೆಯದೋ, ಕಾರು ಒಳ್ಳೆಯದೋ?

ಉತ್ತರ: ವಿಮಾನ ಹೊರಡುವ ಸಮಯದಿಂದಲ್ಲ, ಕೌಂಟರ್ ಮುಚ್ಚುವ ಸಮಯದಿಂದ ಹಿಂದಕ್ಕೆ ಎಣಿಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ. ವಿಮಾನ ಹೊರಡುವ ಮೂರು ಗಂಟೆ ಮೊದಲು ಬಾಗಿಲಲ್ಲಿರುವುದು ಕ್ಷೇಮ. ಲಗೇಜು ಕಡಿಮೆಯಿದ್ದರೆ, ವಾಹನ ದಟ್ಟಣೆಗೆ ಸಿಲುಕದ ರೈಲನ್ನೇ ನಾನು ಆರಿಸಿಕೊಳ್ಳುತ್ತೇನೆ. ನಸುಕಿನ ವಿಮಾನವಾದರೆ ಅಷ್ಟು ಹೊತ್ತಿಗೆ ರೈಲು ಇದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಯಾವುದರಲ್ಲಿ ಹೋದರೂ ಟರ್ಮಿನಲ್ ಸಂಖ್ಯೆ ತಿಳಿದಿರಲಿ. ಹೀಥ್ರೂವಿನಲ್ಲಿ 2 ಮತ್ತು 3ನೆಯ ಟರ್ಮಿನಲ್‌ಗಳಿಗೆ ಒಂದೇ ರೈಲು ನಿಲ್ದಾಣವಿದ್ದರೆ, 4 ಮತ್ತು 5ಕ್ಕೆ ಬೇರೆ ಬೇರೆ ನಿಲ್ದಾಣಗಳಿವೆ. ಊರಿನ ಹೆಸರೊಂದನ್ನೇ ನಂಬುವುದು ಇನ್ನೂ ಅಪಾಯ: ಟೋಕಿಯೊದ ಹನೇಡಾದಲ್ಲಿ ಇಳಿದು ನರಿಟಾದಿಂದ ಹೊರಡಬೇಕಾದವರು ಇಡೀ ಮಹಾನಗರವನ್ನು ದಾಟಿ ಹೋಗಬೇಕು.

ಪ್ರಶ್ನೆ: ನಮ್ಮ ತಾಯಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವಿದೆ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಒಬ್ಬರೇ ಪ್ರಯಾಣ ಮಾಡುವಾಗ ವಿಮಾನ ಬದಲಿಸುವುದು ಹೇಗೆ?

ಉತ್ತರ: ಟಿಕೆಟ್ ಕೊಳ್ಳುವಾಗಲೇ ವೀಲ್‌ಚೇರ್ ನೆರವನ್ನು ನಮೂದಿಸಿ, ಪ್ರಯಾಣದ 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಯುರೋಪಿನ ಒಕ್ಕೂಟದಲ್ಲಿ ಇಷ್ಟು ಮೊದಲು ತಿಳಿಸಿದವರಿಗೆ ನೆರವು ನೀಡುವುದನ್ನು 2006ರ ನಿಯಮವೊಂದು ಕಡ್ಡಾಯಗೊಳಿಸಿದೆ, ಅದಕ್ಕೆ ಶುಲ್ಕವಿಲ್ಲ. ಇದನ್ನು ಕೇಳಲು ತಾಯಿಯವರು ಸಂಕೋಚಪಟ್ಟರೆ ದಯವಿಟ್ಟು ಒಪ್ಪಿಸಿ, ಏಕೆಂದರೆ ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾಗಬಹುದು. ಸಹಾಯಕರು ವಿಮಾನದ ಬಾಗಿಲಲ್ಲೇ ಕಾಯುತ್ತಾರೆ. ಎಲ್ಲರೂ ಇಳಿದು ಮುಗಿಯುವವರೆಗೆ ಸೀಟಿನಲ್ಲೇ ಕುಳಿತಿರಬೇಕೆಂದು ತಾಯಿಯವರಿಗೆ ಹೇಳಿಕೊಡಿ. ಮುಂದಿನ ವಿಮಾನದ ಸಂಖ್ಯೆ, ಇಳಿಯುವ ಊರು, ಕರೆದೊಯ್ಯಲು ಬರುವವರ ಹೆಸರು, ಫೋನ್ ಸಂಖ್ಯೆ ಇಷ್ಟನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಅದರ ಕೆಳಗೇ ಕನ್ನಡದಲ್ಲಿ ಬರೆದ ಕಾಗದವೊಂದು ಅವರ ಕೈಯಲ್ಲಿರಲಿ. ಮೊಬೈಲಿನ ಚಾರ್ಜ್ ಮುಗಿದರೂ ಕಾಗದ ಕೆಲಸಕ್ಕೆ ಬರುತ್ತದೆ. ಔಷಧಿಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಇಂತಹವರಿಗೆ ಎರಡು ಗಂಟೆಯ ಬಿಡುವಿರುವ ಟಿಕೆಟ್ ಕೊಳ್ಳಬೇಡಿ. ವೀಲ್‌ಚೇರಿಗಾಗಿ ಕಾಯುವುದೂ ಆ ಲೆಕ್ಕದಲ್ಲೇ ಸೇರುತ್ತದೆ.

ಪ್ರಶ್ನೆ: ಇಳಿದ ಮೇಲೆ ಬೆಲ್ಟಿನಲ್ಲಿ ಪೆಟ್ಟಿಗೆ ಬಾರದಿದ್ದರೆ ಏನು ಮಾಡಬೇಕು?

ಉತ್ತರ: ಕಸ್ಟಮ್ಸ್ ದಾಟಿ ಹೊರಗೆ ಬರುವ ಮೊದಲೇ, ಬೆಲ್ಟಿನ ಸಮೀಪದ ಲಗೇಜು ಕೌಂಟರಿನಲ್ಲಿ ಲಗೇಜಿನ ತೊಂದರೆಯನ್ನು ದಾಖಲಿಸುವ ಪಿಐಆರ್ ಎಂಬ ವರದಿಯನ್ನು ಬರೆಸಿ, ಅದರ ಪ್ರತಿಯನ್ನು ಪಡೆಯಿರಿ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಆ ಸಣ್ಣ ಚೀಟಿಯ ಹತ್ತು ಅಂಕಿಗಳೇ ಹುಡುಕಾಟಕ್ಕೆ ಆಧಾರ. ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಅಂತರರಾಷ್ಟ್ರೀಯ ಒಪ್ಪಂದ ಅನ್ವಯವಾಗುವ ಪ್ರಯಾಣಗಳಲ್ಲಿ, ಪೆಟ್ಟಿಗೆ ಹಾಳಾಗಿ ಬಂದರೆ ಕೈಗೆ ಸಿಕ್ಕ ಏಳು ದಿನದೊಳಗೆ, ತಡವಾಗಿ ಬಂದರೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಅದು ಕಳೆದುಹೋಯಿತೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಪೆಟ್ಟಿಗೆ ಬರುವವರೆಗೆ ಕೊಂಡ ಅಗತ್ಯ ಬಟ್ಟೆ, ಸಾಬೂನುಗಳ ರಸೀದಿಗಳನ್ನೂ ಆ ದೂರಿನೊಂದಿಗೆ ಲಗತ್ತಿಸಿ.