ಕಥೆ, ಪುಸ್ತಕಗಳಿಗೆ ಚಿತ್ರ ಬರೆಯುವ ಇಲಸ್ಟ್ರೇಟರ್ ಆಗಬೇಕು, ಆದರೆ ನನ್ನದೇ ಶೈಲಿ ಇನ್ನೂ ಸಿಕ್ಕಿಲ್ಲ. ಏನು ಮಾಡಲಿ?

ಪ್ರಶ್ನೆಯ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ, "ಫೋಟೋ ನೋಡಿ ಬಿಡಿಸಿದರೆ ಚೆನ್ನಾಗಿ ಬರುತ್ತದೆ, ಸುಮ್ನೆ ಮನಸ್ಸಿನಿಂದ ಬಿಡಿಸಲು ಕೂತರೆ ಕೈ ಓಡಲ್ಲ" ಅಂತ. ಅದನ್ನು ಓದಿ ಎದೆ ಧಸಕ್ ಅಂತು. ನಾನು ಮೂರು ವರ್ಷ ಕಳೆದುಕೊಂಡಿದ್ದು ಅಲ್ಲೇ.

ಆಗ ನಾನು ಮುಖಗಳನ್ನು ಮಾತ್ರ ಬಿಡಿಸುತ್ತಿದ್ದೆ. ಪೆನ್ಸಿಲ್ ಶೇಡಿಂಗ್, ಒಂದೊಂದಕ್ಕೆ ಎರಡೆರಡು ವಾರ. ಕೂದಲಿನ ಎಳೆ ಎಳೆಯೂ ಕಾಣಬೇಕು, ಕಣ್ಣೊಳಗೆ ಕಿಟಕಿಯ ಬೆಳಕು ಹೊಳೆಯಬೇಕು. ನೋಡಿದವರೆಲ್ಲ "ಥೇಟ್ ಫೋಟೋ ಥರಾನೇ ಇದೆ" ಅನ್ನುತ್ತಿದ್ದರು. ಆ ಹೆಸರಿನ ಮೇಲೆ ಒಂದು ಮಕ್ಕಳ ಕಥೆಗೆ ಚಿತ್ರ ಬರೆಯುವ ಕೆಲಸ ಬಂತು. ಹನ್ನೆರಡು ಚಿತ್ರ, ಎಲ್ಲದರಲ್ಲೂ ಅದೇ ಹುಡುಗಿ. ಮೊದಲನೆಯದರಲ್ಲಿ ಅವಳು ನಮ್ಮ ಕಡೆ ನೋಡಿ ನಗುತ್ತಾಳೆ, ಅದು ಆರಾಮಾಗಿ ಬಂತು. ಎರಡನೆಯದರಲ್ಲಿ ಮಂಚದ ಕೆಳಗೆ ಉರುಳಿಹೋದ ಚೆಂಡನ್ನು ಬಗ್ಗಿ ತೆಗೆಯುತ್ತಾಳೆ, ಅದೂ ಬಾಗಿಲಲ್ಲಿ ನಿಂತ ಅಮ್ಮನ ಕಣ್ಣಿಗೆ ಕಾಣುವ ಹಾಗೆ, ಹಿಂದಿನಿಂದ, ಸ್ವಲ್ಪ ಮೇಲಿನಿಂದ.

ನಾಲ್ಕು ದಿನ ಕೂತೆ. ಬೆನ್ನು ಎಲ್ಲಿ ಬಾಗುತ್ತದೆ, ಹಿಮ್ಮಡಿ ನೆಲ ಬಿಟ್ಟು ಏಳುತ್ತದೋ ಇಲ್ಲವೋ, ತಲೆಯನ್ನು ಹಿಂದಿನಿಂದ ನೋಡಿದಾಗ ಕಿವಿ ಎಲ್ಲಿರುತ್ತದೆ, ಒಂದೂ ಗೊತ್ತಿಲ್ಲ. ಬರೆಯುವುದು, ಉಜ್ಜುವುದು. ಉಜ್ಜಿ ಉಜ್ಜಿ ಹಾಳೆಯಲ್ಲಿ ಜುಂಗು ಎದ್ದು, ಅದರ ಮೇಲೆ ಎಳೆದ ಹೊಸ ಗೆರೆಯೂ ಒಡೆದು ಒಡೆದು ಬರುತ್ತಿತ್ತು. ಅಂಥದ್ದೇ ಫೋಟೋ ಹುಡುಕಿದೆ. ಹತ್ತಿರದ ಒಂದು ಸಿಕ್ಕಿತು, ಆದರೆ ಅದನ್ನು ನೆಲದ ಮಟ್ಟದಿಂದ ತೆಗೆದಿದ್ದರು, ನನಗೆ ಬೇಕಾಗಿದ್ದು ಮೇಲಿನಿಂದ. ಆ ಹುಡುಗಿಯನ್ನು ಸ್ವಲ್ಪ ತಿರುಗಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಐದನೇ ದಿನ ಫೋನ್ ಮಾಡಿ, ನನ್ನಿಂದ ಆಗುವುದಿಲ್ಲ ಅಂತ ಹೇಳಿ ಕೆಲಸ ವಾಪಸ್ ಕೊಟ್ಟೆ. ಆಮೇಲೆ ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ತಪ್ಪು ಎಲ್ಲಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ದಿನ ಅದು ನನಗೂ ಅರ್ಥ ಆಗಿರಲಿಲ್ಲ. ನಾನು ಫೋಟೋ ಮೇಲೆ ಚೌಕ ಹಾಕಿ, ಹಾಳೆಯ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದನ್ನೇ ತುಂಬುತ್ತಿದ್ದೆ. ಈ ಚೌಕದಲ್ಲಿ ಕಪ್ಪು ಎಷ್ಟು, ಪಕ್ಕದ್ದರಲ್ಲಿ ಎಷ್ಟು, ಕಣ್ಣಿಗೆ ಅಷ್ಟೇ ಕೆಲಸ. ಮೂಗಿಗೆ ಒಂದು ತಳ ಇದೆ, ಎರಡು ಪಕ್ಕ ಇವೆ, ಬೆಳಕು ಮೇಲಿಂದ ಬಿದ್ದರೆ ಆ ತಳ ನೆರಳಿಗೆ ಹೋಗುತ್ತದೆ, ಇಷ್ಟು ಕೂಡ ನನಗೆ ಗೊತ್ತಿರಲಿಲ್ಲ, ನಲವತ್ತು ಮೂಗು ಬಿಡಿಸಿದ ಮೇಲೂ! ಉಬ್ಬು ತಗ್ಗು ಇರುವ ವಸ್ತುವನ್ನು ಚಪ್ಪಟೆ ಹಾಳೆಗೆ ಇಳಿಸುವ ಕೆಲಸವನ್ನು ಕ್ಯಾಮೆರಾ ನನಗಿಂತ ಮುಂಚೆಯೇ ಮಾಡಿ ಮುಗಿಸಿರುತ್ತಿತ್ತು. ನಾನು ಕಲಿಯಬೇಕಾಗಿದ್ದು ಆ ಕೆಲಸವನ್ನೇ. ಇನ್ನೊಂದು, ನನಗೆ ಬರುವ ಫೋಟೋಗಳನ್ನೇ ಆರಿಸುತ್ತಿದ್ದೆ. ಕೈ ಕಾಣಬಾರದು, ಕೂದಲು ಕಿವಿ ಮುಚ್ಚಿರಬೇಕು. ಹಾಗಾಗಿ ಬಾರದ್ದು ಯಾವುದು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಚೌಕವೇ ಕೆಟ್ಟದ್ದು ಅಂತಲ್ಲ. ವಿನ್ಸೆಂಟ್ ವ್ಯಾನ್ ಗೋ ಚಿತ್ರಗಾರನಾಗಬೇಕು ಅಂತ ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಮೊದಲು ಅವನೂ ಅಭ್ಯಾಸದ ಹಾಳೆಗಳನ್ನು ನೋಡಿ ನಕಲು ಮಾಡಿದವನೇ. 1882ರಲ್ಲಿ ದಾರ ಕಟ್ಟಿದ ಒಂದು ಚೌಕಟ್ಟು ಮಾಡಿಸಿಕೊಂಡು ಅದರ ಮೂಲಕ ನೋಡಿ ಬಿಡಿಸುತ್ತಿದ್ದ. ಆದರೆ ಆ ಚೌಕಟ್ಟಿನ ಆಚೆ ಇದ್ದದ್ದು ನಿಜವಾದ ಬಯಲು, ನಿಜವಾದ ದಡ. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕಾಣುವುದೂ ಬದಲಾಗುತ್ತಿತ್ತು. ನಾನು ಎಷ್ಟು ಸರಿದರೂ ನನ್ನ ಫೋಟೋ ಬದಲಾಗುತ್ತಿರಲಿಲ್ಲ.

ಈಗ ನಿಮ್ಮ ಶೈಲಿಯ ಪ್ರಶ್ನೆ. ಅದನ್ನು ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳ ಚಿತ್ರಪುಸ್ತಕ ಅಂದರೆ ಸಾಮಾನ್ಯವಾಗಿ 32 ಪುಟ. ಅಷ್ಟರಲ್ಲಿ ಒಂದೇ ಮಗು ಓಡಬೇಕು, ಅಳಬೇಕು, ಮರದಿಂದ ಇಳಿಯಬೇಕು, ಪ್ರತಿ ಸಲವೂ ಅದೇ ಮಗು ಅಂತ ಗೊತ್ತಾಗಬೇಕು. ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಲು ಬಾರದವರಿಗೆ ಯಾವ ಶೈಲಿ ಸಿಕ್ಕಿದರೂ ಎರಡನೇ ಪುಟದಲ್ಲಿ ಕೈಕೊಡುತ್ತದೆ. ನಿಮಗೆ ಈಗ ಬೇಕಾಗಿರುವುದು ತಿರುಗಿಸುವ ಶಕ್ತಿ. ಟ್ಯಾಬ್ಲೆಟ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಈಗ ಬೇಡ.

ನಾನು ಮತ್ತೆ ಶುರು ಮಾಡಿದ್ದು ಒಂದು ಲೋಟದಿಂದ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬಾಯಿ ಬರೀ ಒಂದು ಗೆರೆ, ಅಲ್ವಾ? ನಿಧಾನಕ್ಕೆ ಕೆಳಗಿಳಿಸಿ. ಆ ಗೆರೆ ತೆರೆದುಕೊಂಡು ಮೊಟ್ಟೆಯಾಕಾರ ಆಗುತ್ತದೆ, ಇಳಿಸಿದಷ್ಟೂ ದುಂಡಗಾಗುತ್ತದೆ. ಲೋಟದ ತಳ ಕಣ್ಣಿನಿಂದ ಇನ್ನೂ ಕೆಳಗಿರುವುದರಿಂದ ಅದು ಬಾಯಿಗಿಂತ ಜಾಸ್ತಿ ತೆರೆದಿರುತ್ತದೆ. ನಾವೆಲ್ಲ ತಳವನ್ನು ನೇರ ಗೆರೆ ಎಳೆದು ಮುಗಿಸುತ್ತೇವೆ. ಹತ್ತು ಎತ್ತರದಿಂದ ಹತ್ತು ಲೋಟ ಬಿಡಿಸಿದ ದಿನ ನನಗೆ ಆ ಹುಡುಗಿ ನೆನಪಾದಳು. ಅವಳ ಫ್ರಾಕಿನ ಅಂಚು, ತೋಳಿನ ತುದಿ, ಕುತ್ತಿಗೆಯ ಪಟ್ಟಿ ಎಲ್ಲವೂ ಲೋಟದ ಬಾಯಿಯೇ. ತೋಳಿನ ಅಂಚು ಯಾವ ಕಡೆ ಬಾಗಿದೆ ಅನ್ನುವುದರ ಮೇಲೆ ಕೈ ನಮ್ಮ ಕಡೆ ಬರುತ್ತಿದೆಯೋ ಆಚೆ ಹೋಗುತ್ತಿದೆಯೋ ಗೊತ್ತಾಗುತ್ತದೆ. ನಾಲ್ಕು ದಿನ ಉಜ್ಜಿ ಹಾಕಿದ್ದು ಇದೊಂದು ಗೊತ್ತಿಲ್ಲದೆ.

ಆಮೇಲೆ ಪೆಟ್ಟಿಗೆ, ಉರುಳೆ, ಚೆಂಡು. ತಲೆ ಅಂದರೆ ಚೆಂಡು, ಅದರ ಕೆಳಗೆ ದವಡೆ. ಕಣ್ಣುಗಳು ಸುಮಾರಾಗಿ ತಲೆಯ ಎತ್ತರದ ಅರ್ಧದಲ್ಲಿ ಬರುತ್ತವೆ, ಹೊಸಬರು ಅದನ್ನು ಹಣೆಗೆ ಏರಿಸುತ್ತಾರೆ. ಹೊರಗೆ ಕಾಯುವ ಜಾಗದಲ್ಲೆಲ್ಲ ಜನರನ್ನು ಪೆನ್ನಿನಲ್ಲಿ ಬಿಡಿಸಿ, 30 ಸೆಕೆಂಡ್, ಹೆಚ್ಚೆಂದರೆ 2 ನಿಮಿಷ. ಪೆನ್ನೇ ಇರಲಿ, ರಬ್ಬರ್ ಕೈಗೆ ಸಿಗಬಾರದು. ಮುಖ ಬೇಡ, ಮೈಯ ಭಾರ ಯಾವ ಕಾಲಿನ ಮೇಲಿದೆ ಅಂತ ಮಾತ್ರ ನೋಡಿ. ಮನೆಗೆ ಬಂದ ಮೇಲೆ ಅದರಲ್ಲಿ ಒಂದನ್ನು ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬಿಡಿಸಿ, ಆಮೇಲೆ ತೆರೆದು ಹೋಲಿಸಿ. ನನಗೆ ಜಾಸ್ತಿ ಕಲಿಸಿದ್ದು ಈ ಹೋಲಿಕೆಯೇ, ಯಾಕೆಂದರೆ ಮರೆತದ್ದು ಯಾವುದೋ ಅದನ್ನು ನೋಡೇ ಇರಲಿಲ್ಲ ಅಂತ ಆಗ ತಿಳಿಯುತ್ತದೆ.

ಫೋಟೋ ಪೂರ್ತಿ ಬಿಡಿ ಅಂತ ಹೇಳುತ್ತಿಲ್ಲ, ನಾನೂ ಈಗ ಬಳಸುತ್ತೇನೆ. ಒಂದು ಫೋಟೋ ಇಟ್ಟುಕೊಂಡು, ಅದೇ ಮನುಷ್ಯನನ್ನು ಇನ್ನೊಂದು ಪಕ್ಕದಿಂದ ಬಿಡಿಸಿ ನೋಡಿ. ಮೊದಮೊದಲು ಕೆಟ್ಟದಾಗಿ ಬರುತ್ತದೆ, ನನಗೆ ಒಂದು ವರ್ಷ ಹಾಗೇ ಬಂತು. ಆ ಹಾಳೆಗಳನ್ನು ಎಸೆಯಬೇಡಿ, ತಾರೀಖು ಹಾಕಿ ಇಟ್ಟುಕೊಳ್ಳಿ.

ಕೈ ಬೆರಳು ಬರುವುದೇ ಇಲ್ಲ ಅಂದಿರಲ್ಲ, ಬೆರಳುಗಳನ್ನು ಈಗಲೇ ಎಣಿಸಲು ಹೋಗಬೇಡಿ. ಮೊದಲು ಅಂಗೈಯನ್ನು ಒಂದು ದಪ್ಪ ಹಲಗೆ ಅಂದುಕೊಳ್ಳಿ, ನಾಲ್ಕು ಬೆರಳನ್ನೂ ಸೇರಿಸಿ ಒಂದೇ ತುಂಡು ಮಾಡಿ, ಹೆಬ್ಬೆರಳನ್ನು ಮಾತ್ರ ಬೇರೆ ಇಡಿ. ಮಾದರಿ ನಿಮ್ಮ ಎಡಗೈ, ಅದು ಯಾವಾಗಲೂ ಪಕ್ಕದಲ್ಲೇ ಇರುತ್ತದೆ.