ಸುರಗಿ: ಹೂವೂ ಹೌದು, ಬಾಕುವೂ ಹೌದು

ರಾಜಾಜಿನಗರದ ಮೇಡಂ, ತಂಗಿ ಮಗಳಿಗೆ ‘ಸುರಗಿ’ ಅಂತ ಹೆಸರಿಡೋಣ ಅಂದರೆ ನೆಂಟರೊಬ್ಬರು ‘ಅದು ಕತ್ತಿ, ಹೆಣ್ಣುಮಗುವಿಗೆ ಬೇಡ’ ಅಂದರು, ನಿಜವಾ ಅಂತ ಕೇಳಿದ್ದೀರಿ. ತಾರಸಿಯ ಕುಂಡದಲ್ಲಿ ಗಿಡ ಬರುತ್ತಾ ಅಂತಲೂ ಕೇಳಿದ್ದೀರಿ. ನಾನು ಕರಾವಳಿಯವಳು, ಈ ಹೂ ಮುಡಿದೇ ಬೆಳೆದವಳು. ಸ್ವಲ್ಪ ಉದ್ದವಾಗಿಯೇ ಬರೀತೀನಿ.

ನೆಂಟರು ಹೇಳಿದ್ದು ಸುಳ್ಳಲ್ಲ. ಸಂಸ್ಕೃತದ ‘ಛುರಿಕಾ’ ನಮ್ಮ ಬಾಯಲ್ಲಿ ಸುರಿಗೆ, ಸುರಗಿ ಆಯಿತು. ಅಂದರೆ ಬಾಕು, ಚಿಕ್ಕ ಕತ್ತಿ. ಉತ್ತರ ಕರ್ನಾಟಕದ ಮದುವೆಗಳಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರೆರೆಯುವುದಕ್ಕೂ ಸುರಗಿ ಅಂತಾರೆ. ಹೂವಿನ ಸುರಗಿ ಇವೆರಡೂ ಅಲ್ಲ. ಅದರ ಇನ್ನೊಂದು ಹೆಸರು ಸುರಹೊನ್ನೆ. ಸಂಸ್ಕೃತದಲ್ಲಿ ಸುರಪುನ್ನಾಗ, ದೇವತೆಗಳ ಪುನ್ನಾಗ. ಪುನ್ನಾಗ ಅಂದರೆ ಹೊನ್ನೆ ಮರ. ಹಳಗನ್ನಡದ ‘ಪಾಲ್’ ಹಾಲಾದ ಹಾಗೆ ‘ಪೊನ್ನೆ’ ಹೊನ್ನೆಯಾಯಿತು. ಸಸ್ಯಶಾಸ್ತ್ರದವರು ಇಟ್ಟ ಹೆಸರಲ್ಲೂ ನಮ್ಮ ಮಾತೇ ಉಳಿದಿದೆ: ಮಾಮ್ಮಿಯ ಸುರಿಗ.

ಬೇಸಿಗೆ ಹತ್ತುವ ಹೊತ್ತಿಗೆ ಎಲೆಯಿಲ್ಲದ ಹಳೇ ಕೊಂಬೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಮೊಗ್ಗು ಬರುತ್ತೆ. ಬಿಳಿ ಎಸಳು, ನಡುವೆ ಹಳದಿ ಕೇಸರದ ಕುಚ್ಚು. ಅರಳಿದರೆ ಮರದ ತುಂಬ ಜೇನುನೊಣ, ಅದಕ್ಕೇ ನಸುಕಿನಲ್ಲೇ ಮೊಗ್ಗು ಕೀಳಬೇಕು. ಮಲ್ಲಿಗೆ ಬಾಡಿದರೆ ಮುಗೀತು. ಸುರಗಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೂ ಘಮ ಬಿಡಲ್ಲ. ಅಜ್ಜಿ ಒಣಮಾಲೆಯನ್ನು ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಡುತ್ತಿದ್ದರು. ಮುಂದಿನ ವರ್ಷದ ಹೂ ಬರುವವರೆಗೂ ಆ ಸೀರೆಗಳಿಗೆ ಅದೇ ಪರಿಮಳ. ಒಂದು ಮಗುವಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಹೊಳೆಯುತ್ತಿಲ್ಲ. ಬಾಕುವಿನ ಅರ್ಥವೂ ಜೊತೆಗಿದ್ದರೆ ಇರಲಿ ಬಿಡಿ, ಹೆಣ್ಣುಮಗಳಿಗೆ ಅದೇನು ಕುಂದಲ್ಲ.

ಬೆಂಗಳೂರಿನಲ್ಲಿ ತುಂಬ ಜನ ಇದನ್ನು ‘ಸುರಭಿ’ ಅಂತ ಕೇಳಿಸಿಕೊಳ್ತಾರೆ, ಬರೆದುಕೊಳ್ಳುವಾಗಲೂ ತಪ್ಪುತ್ತಾರೆ. ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡುವಾಗ ಕನ್ನಡದಲ್ಲಿ ಬಿಡಿಸಿ ಬರೆದುಕೊಟ್ಟು, ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಓದಿ ನೋಡಿ. ಆತುರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ. ಅಷ್ಟರಲ್ಲಿ ನೆಂಟರನ್ನೂ ಒಪ್ಪಿಸಬಹುದು.

ಇನ್ನು ಕುಂಡದ ವಿಷಯ. ಬೇಡ. ಇದು ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ ದೊಡ್ಡ ಮರ, ಬೆಳೆಯುವುದೂ ನಿಧಾನ. ಸಸಿಯನ್ನು ಡ್ರಮ್ಮಿನಲ್ಲಿ ಒಂದೆರಡು ವರ್ಷ ಸಾಕಬಹುದು, ಹೂ ಮಾತ್ರ ಕಾಣಲ್ಲ. ಮಲೆನಾಡಿನಲ್ಲೋ ಕರಾವಳಿಯಲ್ಲೋ ನಿಮ್ಮವರ ತೋಟವಿದ್ದರೆ ಮಗು ಹುಟ್ಟಿದ ಈ ವರ್ಷವೇ ಅಲ್ಲೊಂದು ನೆಡಿಸಿ, ತಾಜಾ ಬೀಜದಿಂದ. ಒಣ ಹೂವಿನ ಘಮ ಹೇಗಿರುತ್ತೆ ಅಂತ ಇಲ್ಲೇ ನೋಡಬೇಕಾದರೆ ಬಕುಳದ ಮರದಡಿ ಬಿದ್ದ ಹೂ ಆಯ್ದು ಒಣಗಿಸಿ, ಅದೂ ಇದೇ ಗುಣದ್ದು. ಗ್ರಂಥಿಗೆ ಅಂಗಡಿಯಲ್ಲಿ ಸುರಗಿಯ ಒಣ ಮೊಗ್ಗು ಕೆಂಪು ನಾಗಕೇಸರದ ಹೆಸರಲ್ಲಿ ಸಿಗುತ್ತೆ.

ನಾಮಕರಣದ ತಾರೀಖು ತಿಳಿಸಿ. ಊರಿಂದ ಒಣಮಾಲೆ ತರಿಸಿಕೊಡ್ತೀನಿ, ತೊಟ್ಟಿಲಿಗೆ ಕಟ್ಟುವಿರಂತೆ.