‘ಬೇಡ’ ಎನ್ನಲು ಬಿಡಿ

ಪ್ರಶ್ನೆ: ಕೈಯಲ್ಲೇ ಹೊಲಿದ ಬಟ್ಟೆಯ ಚೀಲಗಳನ್ನು ಎರಡು ವರ್ಷಗಳಿಂದ ನನ್ನದೇ ಜಾಲತಾಣದಲ್ಲಿ ಮಾರುತ್ತಿದ್ದೇನೆ. ಕಳೆದ ತಿಂಗಳು ಒಬ್ಬರು ಹಣ ಕಟ್ಟಿದ ಮೂರೇ ಗಂಟೆಯಲ್ಲಿ ‘ಬೇಡ’ ಎಂದರು. ಇನ್ನೊಬ್ಬರು ಹೆಸರನ್ನು ಕಸೂತಿ ಹಾಕಿಸಿಕೊಂಡು, ಚೀಲ ಕೈಸೇರಿದ ಮೇಲೆ ಬೇಡವೆಂದರು. ಮೂರನೆಯವರು ಹನ್ನೆರಡು ದಿನ ಇಟ್ಟುಕೊಂಡು, ‘ಹೊಲಿಗೆ ಬಿಚ್ಚಿದೆ’ ಎಂದು ಹಿಂದಿರುಗಿಸಿದರು. ನೋಡಿದರೆ ಹೊಲಿಗೆ ಗಟ್ಟಿಯಾಗಿಯೇ ಇದೆ. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿಬಿಡಲೇ?
(ಹೆಸರು ಬೇಡವೆಂದ ಓದುಗರು)

ಉತ್ತರ: ಹಾಕಬೇಡಿ. ಏಕೆಂಬುದಕ್ಕೆ ನಿಮ್ಮ ಮೂರನೆಯ ಗಿರಾಕಿಯೇ ಸಾಕ್ಷಿ. ಅವರಿಗೆ ಚೀಲ ಬೇಡವಾಗಿತ್ತು, ಅಷ್ಟೇ. ಬರಿದೇ ‘ಬೇಡ’ ಎಂದರೆ ನೀವು ಒಪ್ಪಲಾರಿರಿ ಎಂದು ಊಹಿಸಿ, ಗಟ್ಟಿ ಹೊಲಿಗೆಯನ್ನು ಬಾಯಲ್ಲೇ ಬಿಚ್ಚಿದರು. ನೀವು ಹೇಳುವ ಫಲಕವನ್ನು ತೂಗುಹಾಕಿದರೆ ಇಂಥವರ ಸಂಖ್ಯೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಇಂಥ ಸುಳ್ಳನ್ನು ನಾನೂ ಹೇಳಿದ್ದೇನೆ. ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ತಿರುವುತ್ತ ಒಂದು ಮೇಜುದೀಪ ಕೊಂಡೆ. ಅದು ಮನೆಗೆ ಬಂದಾಗ, ನನಗೆ ಬೇಕಾಗಿದ್ದದ್ದು ನಿದ್ದೆಯೇ ಹೊರತು ದೀಪವಲ್ಲ ಎಂದು ಗೊತ್ತಾಯಿತು. ಹಿಂದಿರುಗಿಸಲು ಹೋದರೆ ಕಾರಣಗಳ ಪಟ್ಟಿ ತೆರೆದುಕೊಂಡಿತು: ಒಡೆದಿದೆ, ಕೆಲಸ ಮಾಡುತ್ತಿಲ್ಲ, ಬೇರೆ ವಸ್ತು ಬಂದಿದೆ, ಚಿತ್ರದಲ್ಲಿ ಇದ್ದಂತಿಲ್ಲ. ‘ಮನಸ್ಸು ಬದಲಾಯಿತು’ ಎಂಬುದು ಅದರಲ್ಲಿ ಇರಲೇ ಇಲ್ಲ. ಕೊನೆಯದನ್ನು ಒತ್ತಿದೆ. ದೀಪ ಚಿತ್ರದಲ್ಲಿ ಇದ್ದಂತೆಯೇ ಇತ್ತು. ಅದನ್ನು ಕಳುಹಿಸಿದವರು ಆ ಸಂಜೆ ತಮ್ಮ ಚಿತ್ರದಲ್ಲಿ ಏನು ತಪ್ಪಿದೆ ಎಂದು ಹುಡುಕುತ್ತ ಕುಳಿತಿದ್ದರೋ ಏನೋ. ಹಣ ಬಂತು, ನಾಚಿಕೆಯೂ ಬಂತು.

ಕಾನೂನನ್ನೂ ಸ್ವಲ್ಪ ನೋಡೋಣ. ಭಾರತದ 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ತಿಳಿಸಿದ ಅವಧಿ ಮೀರಿ ತಲುಪಿದರೆ ಅದನ್ನು ವಾಪಸ್ ಪಡೆಯಲು ನೀವು ನಿರಾಕರಿಸುವಂತಿಲ್ಲ. ನಿಮ್ಮ ದಪ್ಪಕ್ಷರ ಅಲ್ಲಿ ನಡೆಯುವುದಿಲ್ಲ. ಆದರೆ ಕೊಂಡವರ ಮನಸ್ಸು ಬದಲಾಯಿತೆಂಬ ಒಂದೇ ಕಾರಣಕ್ಕೆ ವಾಪಸ್ ಪಡೆಯಲೇಬೇಕೆಂದು ಆ ನಿಯಮಗಳು ಹೇಳುವುದಿಲ್ಲ; ಅದನ್ನು ಮಾರುವವರ ವಿವೇಚನೆಗೆ ಬಿಟ್ಟಿವೆ. ಅಂದರೆ ದೋಷಕ್ಕೆ ಬಾಗಿಲು ಸದಾ ತೆರೆದಿದೆ. ಮನಸ್ಸಿನ ಬಾಗಿಲನ್ನು ನೀವು ಮುಚ್ಚಿದರೆ, ಮನಸ್ಸು ಬದಲಿಸಿದವರು ದೋಷದ ಬಾಗಿಲಿನಿಂದಲೇ ಒಳಗೆ ಬರುತ್ತಾರೆ.

ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡವರಿಗೆ, ವಸ್ತು ಕೈಸೇರಿದ ದಿನದಿಂದ 14 ದಿನಗಳ ಒಳಗೆ ಕಾರಣವನ್ನೇ ಹೇಳದೆ ಹಿಂದೆ ಸರಿಯುವ ಹಕ್ಕಿದೆ. ಚೀನಾದಲ್ಲಿ 2014ರಿಂದ 7 ದಿನಗಳ ಇಂಥದೇ ಹಕ್ಕಿದೆ. ಇದರ ಹಿಂದಿನ ತರ್ಕ ನನಗೆ ಒಪ್ಪಿಗೆ. ಅಂಗಡಿಯಲ್ಲಾದರೆ ಚೀಲವನ್ನು ಮುಟ್ಟಿ, ಹೆಗಲಿಗೆ ಹಾಕಿ, ಕನ್ನಡಿಯಲ್ಲಿ ನೋಡಿ, ಮರಳಿ ಕೊಕ್ಕೆಗೆ ತೂಗುಹಾಕಿ ಹೊರನಡೆಯಬಹುದು. ಯಾರೂ ಅದನ್ನು ಮೋಸವೆನ್ನುವುದಿಲ್ಲ. ಆನ್‌ಲೈನಿನಲ್ಲಿ ಆ ಮುಟ್ಟಿ ನೋಡುವ ಕೆಲಸ ಹಣ ಕೊಟ್ಟ ಮೇಲೆ, ಮನೆಯಲ್ಲಿ ನಡೆಯುತ್ತದೆ. ಇದೇ ತರ್ಕ ನಿಮ್ಮ ರಕ್ಷಣೆಗೂ ಬರುತ್ತದೆ. ಅಂಗಡಿಯಲ್ಲಿ ಎಷ್ಟು ಮುಟ್ಟಬಹುದಿತ್ತೋ ಮನೆಯಲ್ಲೂ ಅಷ್ಟೇ. ಅದಕ್ಕಿಂತ ಹೆಚ್ಚು ಬಳಸಿ ಬೆಲೆ ಕುಗ್ಗಿಸಿದ್ದರೆ, ಕುಗ್ಗಿದಷ್ಟಕ್ಕೆ ಕೊಂಡವರೇ ಹೊಣೆ ಎಂದು ಐರೋಪ್ಯ ಕಾನೂನೂ ಹೇಳುತ್ತದೆ.

ಈಗ ನಿಮ್ಮ ಮೂವರ ವಿಷಯ.

ಮೂರು ಗಂಟೆಯಲ್ಲಿ ‘ಬೇಡ’ ಎಂದವರ ಮೇಲೆ ನಿಮಗೆ ಬಂದಿರುವ ಕೋಪ ನನಗೆ ಅರ್ಥವಾಗಲಿಲ್ಲ. ಚೀಲ ಕಪಾಟಿನಲ್ಲೇ ಇತ್ತು. ಅವರು ಬೇಗ ಹೇಳಿ ಉಪಕಾರವನ್ನೇ ಮಾಡಿದ್ದಾರೆ. ಹಣವನ್ನು ಅದೇ ದಿನ ಮರಳಿಸಿ. ರದ್ದತಿ ಶುಲ್ಕ ಹಾಕುವ ಯೋಚನೆ ಇದ್ದರೆ ಕೇಳಿ: ಬಟ್ಟೆ ಮುಗಿದು ಆದೇಶವನ್ನು ನೀವೇ ರದ್ದುಮಾಡಬೇಕಾದಾಗ ಅಂಥದೇ ಶುಲ್ಕವನ್ನು ನೀವೂ ತೆರುವಿರಾದರೆ ಮಾತ್ರ ಅದನ್ನು ಗ್ರಾಹಕರ ಮೇಲೆ ಹಾಕಬಹುದು. ಇದೂ ಅದೇ 2020ರ ನಿಯಮಗಳಲ್ಲಿದೆ.

ಹೆಸರಿನ ಕಸೂತಿಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಒಬ್ಬರ ಹೆಸರು ಹೊತ್ತ ಚೀಲವನ್ನು ಇನ್ನೊಬ್ಬರು ಕೊಳ್ಳುವುದಿಲ್ಲ. 14 ದಿನಗಳ ಹಕ್ಕು ಕೊಟ್ಟ ಐರೋಪ್ಯ ಕಾನೂನು ಕೂಡ, ಕೊಳ್ಳುವವರ ಇಚ್ಛೆಯಂತೆ ಮಾಡಿಕೊಟ್ಟ ವಸ್ತುಗಳನ್ನು ಹೊರಗಿಟ್ಟಿದೆ. ಆದರೆ ಈ ಷರತ್ತನ್ನು ಅವರಿಗೆ ನೀವು ಯಾವಾಗ ಹೇಳಿದಿರಿ? ನಿಮ್ಮ ಪತ್ರ ನೋಡಿದರೆ, ಅವರು ಬೇಡವೆಂದ ಮೇಲೆ. ಅದು ತಡವಾಯಿತು. ಹಣ ಕಟ್ಟುವ ಗುಂಡಿಯ ಪಕ್ಕದಲ್ಲೇ ‘ಹೆಸರು ಹಾಕಿದ ಚೀಲವನ್ನು ದೋಷವಿದ್ದರೆ ಮಾತ್ರ ವಾಪಸ್ ಪಡೆಯುತ್ತೇವೆ’ ಎಂದು ಬರೆಯಿರಿ. ಸೂಜಿ ಎತ್ತುವ ಮುನ್ನ ಹೆಸರಿನ ಕಾಗುಣಿತವನ್ನು ಬರೆದು ಕಳುಹಿಸಿ, ಒಪ್ಪಿಗೆ ಪಡೆಯಿರಿ. ಈ ಬಾರಿ ಹೇಳದೇ ಇದ್ದದ್ದರಿಂದ ಅರ್ಧ ನಷ್ಟವನ್ನಾದರೂ ನೀವು ಹೊರುವುದು ನ್ಯಾಯ.

ಮೂರನೆಯವರನ್ನು ‘ನೀವು ಸುಳ್ಳು ಹೇಳಿದಿರಿ’ ಎಂದು ಹಿಡಿಯಲು ಹೋಗಬೇಡಿ. ಸಿಕ್ಕಿಬಿದ್ದವರು ಸುಳ್ಳನ್ನು ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಬ್ಯಾಂಕಿಗೆ ದೂರು ಕೊಟ್ಟು ಕಾರ್ಡಿನ ಪಾವತಿಯನ್ನೇ ಹಿಂದಕ್ಕೆ ಎಳೆಯಲೂಬಹುದು. ಹೀಗೆ ಬರೆಯಿರಿ: ‘ಹೊಲಿಗೆಯನ್ನು ನೋಡಿದೆವು, ಬಿಚ್ಚಿದ್ದು ಕಾಣಲಿಲ್ಲ; ಚಿತ್ರ ಲಗತ್ತಿಸಿದ್ದೇವೆ. ಚೀಲ ನಿಮಗೆ ಹಿಡಿಸದಿದ್ದರೆ ಅದೂ ಸರಿಯೇ. ಸಾಗಣೆಯ ವೆಚ್ಚ ಕಳೆದು ಉಳಿದದ್ದನ್ನು ಮರಳಿಸುತ್ತೇವೆ.’ ಇಷ್ಟಾದರೆ ಅವರಿಗೆ ಮರ್ಯಾದೆಯಿಂದ ಹೊರಬರುವ ದಾರಿ ಸಿಗುತ್ತದೆ, ನಿಮಗೆ ಸಾಗಣೆಯ ವೆಚ್ಚ ಉಳಿಯುತ್ತದೆ. ಮರಳಿಸುವ ಹಣ ಮಾತ್ರ ಬಂದ ದಾರಿಯಲ್ಲೇ ಹೋಗಲಿ. ‘ಬೇರೆ ಖಾತೆಗೆ ಹಾಕಿ’ ಎಂದರೆ ನಯವಾಗಿ ಒಲ್ಲೆ ಎನ್ನಿ. ಅಲ್ಲಿಗೆ ಹಾಕಿದ ಮೇಲೆ ಕಾರ್ಡಿನ ಪಾವತಿಯನ್ನೂ ಅವರು ಹಿಂದಕ್ಕೆ ಎಳೆದರೆ, ಒಂದೇ ಚೀಲಕ್ಕೆ ಎರಡು ಸಲ ಹಣ ಕೊಟ್ಟು ಕೈಸುಟ್ಟುಕೊಳ್ಳುತ್ತೀರಿ.

ಮುಂದಕ್ಕೆ ಒಂದು ನಿಯಮ ಮಾಡಿಕೊಳ್ಳಿ. ಬಳಸದ ಚೀಲವನ್ನು ಹತ್ತು ದಿನಗಳ ಒಳಗೆ, ಕಾರಣ ಕೇಳದೆ ವಾಪಸ್ ಪಡೆಯುವುದು. ಮನಸ್ಸು ಬದಲಾಗಿದ್ದರೆ ಸಾಗಣೆ ಅವರದು, ದೋಷವಿದ್ದರೆ ನಿಮ್ಮದು. ಇಲ್ಲೂ ಒಂದು ಬಿರುಕಿದೆ, ಮುಚ್ಚಿಡುವುದಿಲ್ಲ: ಸಾಗಣೆಯ ಹಣ ಉಳಿಸಲೆಂದು ದೋಷ ಹುಡುಕುವವರು ಆಗಲೂ ಇರುತ್ತಾರೆ. ಆದರೆ ಪೂರ್ತಿ ಹಣ ಹೋಗುತ್ತದೆಂಬ ಭಯಕ್ಕೆ ಸುಳ್ಳು ಹೇಳುವಷ್ಟು ಜನ ಅಂಚೆಯ ಖರ್ಚಿಗಾಗಿ ಹೇಳಲಾರರು. ಕಟ್ಟುವ ಮುನ್ನ ಪ್ರತಿ ಚೀಲದ ಹೊಲಿಗೆಯ ಚಿತ್ರ ತೆಗೆದಿಟ್ಟುಕೊಂಡರೆ ಉಳಿದ ಕೆಲವರಿಗೂ ಉತ್ತರ ಸಿದ್ಧವಿರುತ್ತದೆ.

ಒಂದು ಮಾತು ನಿಮಗೆ ಹಿಡಿಸಲಾರದು. ಪತ್ರದ ಜೊತೆಗೆ ಕಳುಹಿಸಿದ ನಿಮ್ಮ ಪುಟದ ಪ್ರತಿಯಲ್ಲಿ ‘ಬೇಗ ಕೊಳ್ಳಿ, ಎರಡೇ ಉಳಿದಿವೆ’ ಎಂದು ಕೆಂಪಿನಲ್ಲಿದೆ, ಅದೂ ಎಲ್ಲ ಚೀಲಗಳ ಕೆಳಗೂ. ನಿಜವೇ? ಇಲ್ಲದ ಅವಸರವನ್ನು ಹುಟ್ಟಿಸುವುದು, 2023ರಲ್ಲಿ ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿದ 13 ವಂಚಕ ತಂತ್ರಗಳಲ್ಲಿ ಒಂದು. ಅದಿರಲಿ, ಹೀಗೆ ನೀವು ಓಡಿಸಿದ್ದಕ್ಕೆ ಅವಸರದಲ್ಲಿ ಕೊಂಡವರು ಉಸಿರು ತಿರುಗಿದ ಮೇಲೆ ‘ಬೇಡ’ ಎಂದರೆ ಅವರೊಬ್ಬರದೇ ತಪ್ಪು ಹೇಗಾಗುತ್ತದೆ? ಆ ಕೆಂಪು ಸಾಲನ್ನು ತೆಗೆದುಬಿಡಿ. ಆ ಜಾಗದಲ್ಲಿ ಚೀಲದ ಉದ್ದ, ಅಗಲ, ಪಟ್ಟಿಯ ಅಳತೆ ಬರೆಯಿರಿ. ಯಾರಾದರೂ ಹೆಗಲಿಗೆ ಹಾಕಿಕೊಂಡು ನಿಂತ ಚಿತ್ರವೂ ಇರಲಿ. ಚೀಲದ ಒಳಭಾಗದ ಚಿತ್ರ ಒಂದೂ ಕಾಣಲಿಲ್ಲ. ಚೀಲ ಕೊಳ್ಳುವವರು ಮೊದಲು ನೋಡುವುದೇ ಅದನ್ನು.